ಚಿತ್ರ ಬರೆ ಎಂದರೆ ಐದು ವರ್ಷದ ಮಗಳು "ನನಗೆ ಬರುವುದಿಲ್ಲ, ನೀನೇ ಬರೆದುಕೊಡು" ಎನ್ನುತ್ತಾಳೆ. ಮನೆಯಲ್ಲಿರುವ ವಸ್ತುಗಳಿಂದ ಅವಳ ಕೈಯಲ್ಲಿ ಏನು ಮಾಡಿಸಬಹುದು?

ನಿಮ್ಮ ಪ್ರಶ್ನೆ ಓದಿದಾಗ ನನ್ನ ಮಗನ ಹಸು ನೆನಪಾಯಿತು. ನಾಲ್ಕು ವರ್ಷದವನಿದ್ದಾಗ ಅವನು ಬರೆದ ಹಸುವಿಗೆ ಐದು ಕಾಲುಗಳಿದ್ದವು. ನಾನು ಒಂದನ್ನು ಅಳಿಸಿ "ಈಗ ಸರಿಯಾಯಿತು" ಎಂದೆ. ಆಮೇಲೆ ಎಷ್ಟೋ ತಿಂಗಳು ಅವನು ಪೆನ್ಸಿಲನ್ನು ನನ್ನ ಕೈಗೇ ಕೊಡುತ್ತಿದ್ದ. ಆ ಕಾಲನ್ನು ಅಳಿಸಿದ್ದಕ್ಕೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಹಾಗಾಗಿ ಕೆಲವು ದಿನ ಹಸು, ಮನೆ, ಹೂವು ಯಾವುದನ್ನೂ ಬರೆಸಬೇಡಿ. ಬಣ್ಣ ಹರಿಯುವುದನ್ನು, ಬೆರೆಯುವುದನ್ನು, ಬದಲಾಗುವುದನ್ನು ಮಗು ತನ್ನ ಕೈಯಿಂದಲೇ ಕಂಡುಕೊಳ್ಳಲಿ. ಪ್ರೊಸೆಸ್ ಆರ್ಟ್ ಎಂದು ಕರೆಯುವುದು ಇದನ್ನೇ. ಕೊನೆಗೆ ಕಾಗದದ ಮೇಲೆ ಏನು ಉಳಿಯಿತು ಎಂಬುದು ಮುಖ್ಯವಲ್ಲ.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ಹತ್ತಿರದ ಹಳ್ಳಿ. ಮಳೆಗೆ ಶಾಲೆಗೆ ರಜೆ ಕೊಟ್ಟರೆ ಮಕ್ಕಳು ದಿನವಿಡೀ ಜಗಲಿಯಲ್ಲೇ. ಅಂಥ ಒಂದು ದಿನ ಒಂದು ಚಮಚ ಅರಿಶಿನವನ್ನು ಅರ್ಧ ಲೋಟ ನೀರಿನಲ್ಲಿ ಕದಡಿ, ಬಿಳಿ ಕಾಗದಕ್ಕೆ ಅಂಗೈಯಿಂದ ಬಳಿಯಲು ಮಗನನ್ನು ಬಿಟ್ಟೆ. ಅದು ಒಣಗಿದ ಮೇಲೆ ಅಡುಗೆ ಸೋಡಾ ಕರಗಿಸಿದ ನೀರನ್ನೂ ಒಂದು ಹಿಡಿಕಡ್ಡಿಯನ್ನೂ ಕೊಟ್ಟೆ. ನೀರು ತಾಗಿದಲ್ಲೆಲ್ಲ ಹಳದಿ ಕೆಂಪಾಯಿತು. ಅವನು ಕಡ್ಡಿಯ ತುದಿಯನ್ನು ತಿರುಗಿಸಿ ನೋಡಿದ, ಬಟ್ಟಲಿನೊಳಗೆ ಇಣುಕಿದ. ಎರಡರಲ್ಲೂ ಕೆಂಪಿರಲಿಲ್ಲ. ಲಿಂಬೆರಸ ಹನಿಸಿದಾಗ ಮತ್ತೆ ಹಳದಿ! ಆರತಿಯ ಓಕುಳಿ ಕೆಂಪಾಗುವುದೂ ಅರಿಶಿನದ ಇದೇ ಗುಣದಿಂದ. ಅಲ್ಲಿ ಹಾಕುವುದು ಸುಣ್ಣ. ಆದರೆ ಸುಣ್ಣವನ್ನು ಮಕ್ಕಳ ಕೈಗೆ ಕೊಡಲೇಬೇಡಿ, ಕಣ್ಣಿಗೆ ಬಿದ್ದರೆ ಸುಡುತ್ತದೆ.

ಹಳೆಯ ಅಂಗಿ ಹಾಕಿಸಿ. ಅರಿಶಿನದ ಕಲೆಗೆ ಸೋಪು ಹಚ್ಚಿದರೆ ಕೆಂಪಾಗುತ್ತದೆ, ಗಾಬರಿ ಬೇಡ, ಒಗೆದು ಬಿಸಿಲಿಗೆ ಹಾಕಿದರೆ ಮಾಸುತ್ತದೆ. ಕ್ಯಾಲೆಂಡರಿನ ನುಣುಪು ಕಾಗದ ನೀರನ್ನು ಹೀರುವುದಿಲ್ಲ, ಒರಟು ಕಾಗದವೇ ಒಳ್ಳೆಯದು.

ಕೆಂಪು ದಾಸವಾಳದ ಎಸಳನ್ನು ಕಾಗದಕ್ಕೆ ಉಜ್ಜಿದರೆ ನೇರಳೆ ಬಣ್ಣ ಬರುತ್ತದೆ, ಅದಕ್ಕೆ ಲಿಂಬೆ ತಾಗಿದರೆ ಗುಲಾಬಿ. ಬಸಳೆ ಹಣ್ಣಿನ ಕಾಲದಲ್ಲಿ ಅದನ್ನು ಹಿಸುಕಲು ಕೊಡಿ. ಅಕ್ಕಿಹಿಟ್ಟನ್ನು ನೀರಿನಲ್ಲಿ ಗಂಜಿಯಂತೆ ಕಾಯಿಸಿ, ಆರಿಸಿ, ಅದಕ್ಕೆ ಬಣ್ಣ ಬೆರೆಸಿದರೆ ಅಡಿಕೆ ಹಾಳೆಯ ಮೇಲೆ ಹತ್ತು ಬೆರಳೂ ಆಡಬಹುದು.

ಅಂಗಡಿಯ ಬಣ್ಣವಿಲ್ಲ ಎಂದು ಕೊರಗಬೇಡಿ. ನಮ್ಮ ಕಡೆ ದೀವರ ಸಮುದಾಯದ ಹೆಂಗಸರು ಮನೆಯ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾ ಬಂದಿರುವುದು ಪುಂಡಿ ನಾರಿನ ಕುಂಚದಲ್ಲಿ, ಕೆಮ್ಮಣ್ಣು, ಅಕ್ಕಿ, ಸುಟ್ಟ ಅಕ್ಕಿಯ ಕಪ್ಪಿನಿಂದ. ಚಿತ್ತಾರಕ್ಕೆ ಅದರದೇ ಕಟ್ಟುನಿಟ್ಟಿದೆ, ಅದನ್ನು ನಕಲು ಮಾಡಿಸಬೇಡಿ. ಆದರೆ ತೆಂಗಿನ ನಾರನ್ನು ಕಟ್ಟಿ ಕುಂಚ ಮಾಡಿಕೊಳ್ಳುವುದನ್ನು ಮಗಳು ಖಂಡಿತ ಕಲಿಯಬಹುದು.

ನಿಮಗೆ ಕಷ್ಟವಾಗುವುದು ಸುಮ್ಮನಿರುವುದು. "ಇದೇನು ಬರೆದೆ?" ಎಂದು ಕೇಳಬೇಡಿ, "ಚೆನ್ನಾಗಿದೆ" ಎಂದೂ ಅವಸರದಲ್ಲಿ ಹೇಳಬೇಡಿ. ಏನಾದರೂ ಹೇಳಲೇಬೇಕೆನಿಸಿದರೆ "ಇಲ್ಲಿ ಎರಡು ಬಣ್ಣ ಸೇರಿಕೊಂಡಿವೆ" ಎಂದು ಕಂಡದ್ದನ್ನಷ್ಟೇ ಹೇಳಿ. ಕಾಗದ ನೆನೆದು ಹರಿದರೆ ಹರಿಯಲಿ. ನನ್ನ ಮಗ ಆ ದಿನ ಮೂರು ಕಾಗದಗಳನ್ನು ಹರಿದ. ನಾಲ್ಕನೆಯದಕ್ಕೆ "ನೀನೇ ಬರೆದುಕೊಡು" ಎನ್ನಲಿಲ್ಲ, ಇನ್ನೊಂದು ಲಿಂಬೆಹಣ್ಣು ಕೇಳಿದ.