ಅಪ್ಪನನ್ನು ಇಲ್ಲಿಗೆ ಕರೆಸಲೇ ಅಂತ ಕೇಳಿದ್ದೀಯಲ್ಲ

ತಮ್ಮಾ, ಇಂಗ್ಲೆಂಡಿಗೆ ಬಂದು ನಿನಗಿನ್ನೂ ವರ್ಷ ತುಂಬಿಲ್ಲ. ಅಷ್ಟರಲ್ಲಿ ತುಮಕೂರಿನ ಕ್ಯಾತ್ಸಂದ್ರದಲ್ಲಿರೋ ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್, ಅಂದ್ರೆ ಗಂಡಸರ ಮೂತ್ರಕೋಶದ ಕೆಳಗಿರೋ ಗ್ರಂಥಿಯ ಕ್ಯಾನ್ಸರ್ ಅಂತ ಗೊತ್ತಾಗಿದೆ. ಇಲ್ಲಿಗೆ ಕರೆಸಿ ತೋರಿಸಬಹುದಾ, ಅದೇ ಕಾಯಿಲೆ ಇಟ್ಟುಕೊಂಡು ನಮ್ಮವರು ಅಂತ ಯಾರೂ ಇಲ್ಲದ ಕಡೆ ನೀವು ಹೇಗಿದ್ದೀರಿ ಅಂತ ಕೇಳಿದ್ದೀಯ. ನಾನೂ ಗುಬ್ಬಿ ಕಡೆಯವನೇ, ಸುತ್ತಿ ಬಳಸಿ ಹೇಳಲ್ಲ. ಕರೆಸಬೇಡ.

ಮೊದಲು ದುಡ್ಡಿನ ಲೆಕ್ಕ. ವೀಸಾ ಜೊತೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ ಕಟ್ಟಿದ್ದೀಯಲ್ಲ, ಅದು ನಿನ್ನೊಬ್ಬನಿಗೆ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಎನ್.ಎಚ್.ಎಸ್. (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆ ದರದ ಒಂದೂವರೆಪಟ್ಟು ಬಿಲ್ ಹಾಕುತ್ತೆ. ತುರ್ತಲ್ಲದ ಚಿಕಿತ್ಸೆಗೆ ಮುಂಚೆಯೇ ಕಟ್ಟಬೇಕು. ಸಾಮಾನ್ಯವಾಗಿ ಆರು ತಿಂಗಳಿಗೆ ವಾಪಸ್ ಹೊರಡಲೂಬೇಕು. ಈ ಕ್ಯಾನ್ಸರಿಗೆ ಕೊಡೋ ಹಾರ್ಮೋನ್ ಚಿಕಿತ್ಸೆಯೋ, ಎಷ್ಟೋ ಜನಕ್ಕೆ ವರ್ಷಗಟ್ಟಲೆ ನಡೆಯುತ್ತೆ.

ದುಡ್ಡು ಹೇಗೋ ಹೊಂದಿಸ್ತೀಯ ಅಂತಲೇ ಇಟ್ಕೋ. ನೀನು ಬೆಳಿಗ್ಗೆ ಕೆಲಸಕ್ಕೆ ಹೋದಮೇಲೆ ನಿಮ್ಮಪ್ಪ ಈ ಚಳಿಯಲ್ಲಿ ಯಾರ ಮುಖ ನೋಡಬೇಕು? ಈ ಕಾಯಿಲೆಯವರಿಗೆ ಬೇಕಾದ್ದು ಅದೇ ಕಾಯಿಲೆ ಅನುಭವಿಸಿದ ಇನ್ನೊಬ್ಬ ಗಂಡಸು. ನನಗೆ ಅಂಥವರು ಸಿಕ್ಕಿದ್ದು ಕ್ಯಾನ್ಸರ್ ನರ್ಸ್ ಹೇಳಿ ಕಳಿಸಿದ ಒಂದು ಗುಂಪಿನಲ್ಲಿ. ಚರ್ಚಿನ ಹಾಲ್, ಟೀ, ಬಿಸ್ಕತ್ತು. ರಿಟೈರಾದ ಬಸ್ ಡ್ರೈವರ್ ಒಬ್ಬ, ಅಂಗಡಿ ಇಟ್ಟಿದ್ದ ಪಂಜಾಬಿ ಒಬ್ಬ, ಜಮೈಕಾದವನೊಬ್ಬ. ಉಚ್ಚೆಗೆ ಇಡೋ ಯಾವ ಪ್ಯಾಡ್ ಸೋರಲ್ಲ, ರಾತ್ರಿ ಎಷ್ಟು ಸಲ ಏಳ್ತೀಯ, ಹೆಂಡತಿ ಜೊತೆ ಹೇಗಿದೆ ಅಂತ ಮಳೆ ಬೆಳೆ ವಿಚಾರಿಸಿದ ಹಾಗೆ ಕೇಳ್ತಾರೆ. ಹಾರ್ಮೋನ್ ಇಂಜೆಕ್ಷನ್ ಶುರುವಾದಾಗ ಮೈಯೆಲ್ಲ ಕಾದು ಬೆವರು ಕಿತ್ತುಕೊಂಡು ಬರ್ತಿತ್ತು. ನಾನು ಕೋಟು ಬಿಚ್ಚೋದು ನೋಡಿ ಡ್ರೈವರ್ ಜನವರಿ ಚಳಿಯಲ್ಲೇ ಎದ್ದು ಕಿಟಕಿ ತೆಗೆದ. ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ರಾಡಾರ್ ಕೀ ಅಂತ ಒಂದಿದೆ, ದೇಶದ ಸಾವಿರಾರು ಅಂಗವಿಕಲರ ಟಾಯ್ಲೆಟ್ಟಿಗೆ ಅದೊಂದೇ ಬೀಗದಕೈ. ಅದನ್ನು ನನಗೆ ಹೇಳಿಕೊಟ್ಟಿದ್ದು ಡಾಕ್ಟರಲ್ಲ, ಆ ಪಂಜಾಬಿ. ಆಮೇಲೆ ನಮ್ಮ ಕನ್ನಡದವರ ದೀಪಾವಳಿ ಊಟದಲ್ಲೂ ಬಾಯಿಬಿಟ್ಟೆ. ಕೈ ತೊಳೆಯೋ ಜಾಗದಲ್ಲಿ ಒಬ್ಬರು ಪಕ್ಕಕ್ಕೆ ಬಂದು "ನಂದೂ ಅದೇ ಸ್ವಾಮಿ" ಅಂದರು. ಅವರ ಮನೆ ನಮ್ಮ ಪಕ್ಕದ ಬೀದಿ!

ತುಮಕೂರಲ್ಲಿ ಇಂಥವರಿಲ್ಲ ಅನ್ಕೋಬೇಡ. ಇದ್ದಾರೆ, ಹೇಳಿಕೊಳ್ಳಲ್ಲ ಅಷ್ಟೆ. "ಉಚ್ಚೆ ತೊಂದರೆ" ಅಂದು ಮುಗಿಸಿಬಿಡ್ತಾರೆ. ಮನೇಲಿ ಹೆಣ್ಣು ಕೊಡೋ ತರೋ ಮಾತು ನಡೀತಿದ್ದರಂತೂ ಮನೆಯವರೇ ಬಾಯಿ ಮುಚ್ಚಿಸ್ತಾರೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದರೆ ಬೆಂಚಲ್ಲಿ ಪಕ್ಕ ಕೂತವರ ಊರು ಕೇಳೋಕೆ ಹೇಳು. ಶಿರಾದವರೋ ತಿಪಟೂರಿನವರೋ ಸಿಕ್ಕರೆ ಇಬ್ಬರೂ ಒಂದೇ ದಿನಕ್ಕೆ ಡೇಟ್ ಹಾಕಿಸಿಕೊಂಡು ಜೊತೆಯಲ್ಲಿ ಹೋಗಿಬರಲಿ. ಸುಮಾರು 70 ಕಿಲೋಮೀಟರ್ ಬಸ್ಸಲ್ಲಿ ಬೇಡ, ಟಾಯ್ಲೆಟ್ ಇರೋ ರೈಲು ಹಿಡೀಲಿ. ನೆಲಮಂಗಲದ ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡರೆ ಅವರ ಪಾಡು ಬೇಡ.

ಡಾಕ್ಟರು ಇಂಜೆಕ್ಷನ್ ಬದಲು ವೃಷಣ ತೆಗೆಯೋ ಆಪರೇಷನ್ ಮಾತೆತ್ತಿದರೆ ಗಾಬರಿಬೀಳಬೇಡಿ. ಎರಡೂ ಮಾಡೋ ಕೆಲಸ ಒಂದೇ, ಗಂಡಸಿನ ಹಾರ್ಮೋನ್ ತಗ್ಗಿಸೋದು. ಅದು ತಗ್ಗಿದರೆ ಈ ಕ್ಯಾನ್ಸರ್ ಹಿಂಜರಿಯುತ್ತೆ ಅಂತ ಚಾರ್ಲ್ಸ್ ಹಗಿನ್ಸ್ ಅನ್ನೋ ಡಾಕ್ಟರು 1941ರಲ್ಲೇ ತೋರಿಸಿದ್ದರು, 1966ರಲ್ಲಿ ನೊಬೆಲ್ ಬಂತು. ಆಪರೇಷನ್ ಒಂದೇ ಸಲದ ಖರ್ಚು, ಆದರೆ ಮತ್ತೆ ಹಿಂದಕ್ಕೆ ಬರೋದಲ್ಲ. ಅಪ್ಪ ಅಮ್ಮ ಕೂತು ಯೋಚಿಸಲಿ. ನೀನು ಫೋನಲ್ಲಿ ತೀರ್ಪು ಕೊಡಬೇಡ.

ನಿನ್ನ ವಿಷಯ. ಜಿ.ಪಿ. (ಇಲ್ಲಿನ ಫ್ಯಾಮಿಲಿ ಡಾಕ್ಟರ್) ಹತ್ತಿರ ಹೆಸರು ನೋಂದಾಯಿಸಿಲ್ಲ ಅಂದ್ರೆ ಈ ವಾರವೇ ಮಾಡಿಸು, ಅಪ್ಪನಿಗೆ ಇರೋದನ್ನೂ ಬರೆಸು. ತಂದೆಗೆ ಬಂದಿದ್ದರೆ ಮಗನಿಗೆ ಅಪಾಯ ಹೆಚ್ಚು. ಇಲ್ಲಿ ಇದಕ್ಕೆ ಎಲ್ಲ ಗಂಡಸರನ್ನೂ ಕರೆದು ಪರೀಕ್ಷೆ ಮಾಡೋ ಪದ್ಧತಿ ಇಲ್ಲ. ನಲವತ್ತೈದರ ಹೊತ್ತಿಗೆ ಪ್ರಾಸ್ಟೇಟ್ ತೊಂದರೆಯ ಸುಳಿವು ಕೊಡೋ ಪಿ.ಎಸ್.ಎ. ರಕ್ತಪರೀಕ್ಷೆ ಬಗ್ಗೆ ನೀನೇ ಬಾಯಿಬಿಟ್ಟು ಕೇಳಬೇಕು.

ನಿಮ್ಮಪ್ಪ ಒಪ್ಪಿದರೆ ನನ್ನ ಜೊತೆ ಮಾತಾಡಿಸು. ಭಾನುವಾರ ಇಲ್ಲಿ ಬೆಳಿಗ್ಗೆ, ಅಲ್ಲಿ ಅವರದ್ದು ಊಟ ಆದಮೇಲೆ. ಅಮ್ಮನೂ ಪಕ್ಕದಲ್ಲೇ ಇರಲಿ, ಪ್ಯಾಡ್ ತರೋದು, ಒಗೆಯೋದು ಎಲ್ಲ ಕೊನೆಗೆ ಅವರ ಮೇಲೇ ಬರುತ್ತೆ. ನಮ್ಮನೆಯವಳು ಅವರ ಹತ್ತಿರ ಮಾತಾಡ್ತಾಳೆ.