ರೇಡಿಯೇಷನ್ ಬಾಯಿಹುಣ್ಣಿಗೆ ಲೇಸರ್ ಕೊಡಿಸಬಹುದಾ?

ನಮಸ್ಕಾರ. ಕೆನ್ನೆಯೊಳಗಿನ ಕ್ಯಾನ್ಸರ್‌ಗೆ ಮುಂದಿನ ವಾರದಿಂದ ನಿಮ್ಮ ತಂದೆಯವರಿಗೆ ರೇಡಿಯೇಷನ್ ಶುರು, ಬಾಯಿಗೆ ಲೇಸರ್ ಕೊಟ್ಟರೆ ಸುಡುತ್ತಾ ಅಂತ ಕೇಳಿದ್ದೀರಿ. ಸುಡುವುದಿಲ್ಲ. ಇದು ಆಪರೇಷನ್‌ನಲ್ಲಿ ಮಾಂಸ ಕತ್ತರಿಸುವ ಲೇಸರ್ ಅಲ್ಲ, ತುಂಬಾ ಕಡಿಮೆ ಶಕ್ತಿಯ ಕೆಂಪು ಬೆಳಕು. ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಎಂಬ ಭಾಗ ಆ ಬೆಳಕನ್ನು ಹೀರಿಕೊಳ್ಳುತ್ತದೆ. ಅದರಿಂದ ಉರಿಯೂತ ತಗ್ಗುತ್ತದೆ, ಗಾಯ ಬೇಗ ಮಾಯುತ್ತದೆ.

ನಮ್ಮ ಅಮ್ಮನಿಗೂ ಕೊಡಿಸಿದ್ದೆವು. ಪೆನ್ನಿನಂಥ ಒಂದು ಕಡ್ಡಿ. ಕೆನ್ನೆ, ತುಟಿಯ ಒಳಗೆ, ನಾಲಿಗೆಯ ಅಂಚು, ಒಂದೊಂದು ಜಾಗದಲ್ಲಿ ಕೆಲವೇ ಸೆಕೆಂಡ್ ಹಿಡಿಯುತ್ತಿದ್ದರು. ಅಮ್ಮನಿಗೂ ಕನ್ನಡಕ, ಹಿಡಿಯುವವರಿಗೂ ಕನ್ನಡಕ. ಕಣ್ಣಿಗೆ ಆ ಬೆಳಕು ಬೀಳಲೇಬಾರದು. "ಏನೂ ಗೊತ್ತಾಗ್ಲಿಲ್ಲ ಕಣೋ" ಅಂದರು ಮೊದಲ ದಿನ.

ಹುಣ್ಣು ಸಾಮಾನ್ಯವಾಗಿ ಎರಡನೇ, ಮೂರನೇ ವಾರದಲ್ಲಿ ಏಳುತ್ತದೆ. ಆಗ ಎಂಜಲು ನುಂಗುವುದೂ ಕಷ್ಟ. ಅದಕ್ಕೇ ಹುಣ್ಣಾಗುವ ತನಕ ಕಾಯಬೇಡಿ, ರೇಡಿಯೇಷನ್‌ನ ಮೊದಲ ದಿನದಿಂದಲೇ ಕೊಡಿಸಿ. ಮೊಣಕಾಲು ನೋವಿಗೆ ಲೇಸರ್ ಅಂದರೆ ನಾನು ಇಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ, ಅಲ್ಲಿ ಫಲಿತಾಂಶ ಒಂದೇ ಥರ ಇಲ್ಲ. ಆದರೆ ತಲೆ-ಕುತ್ತಿಗೆ ರೇಡಿಯೇಷನ್‌ನ ಬಾಯಿಹುಣ್ಣು ತಡೆಯಲು ಅಂತಾರಾಷ್ಟ್ರೀಯ ವೈದ್ಯರ ಮಾರ್ಗಸೂಚಿಯೇ ಇದನ್ನು ಶಿಫಾರಸು ಮಾಡಿದೆ.

ಒಂದು ಮಾತು ಮಾತ್ರ ಮರೀಬೇಡಿ: ಗಡ್ಡೆ ಇನ್ನೂ ಇದ್ದರೆ ಅದರ ಮೇಲೆ ನೇರವಾಗಿ ಬೆಳಕು ಬಿಡಬೇಕಾ ಬೇಡವಾ ಅಂತ ಕ್ಯಾನ್ಸರ್ ಡಾಕ್ಟರನ್ನೇ ಕೇಳಿ. ಹೊರಗಿನ ಕ್ಲಿನಿಕ್‌ನಲ್ಲಿ ಸುಮ್ನೆ ಹಾಕಿಸಬೇಡಿ. ಊಟಕ್ಕೆ ಖಾರ, ಹುಳಿ ಬಿಟ್ಟು, ಬಿಸಿ ಆರಿದ ಗಂಜಿಗೆ ಒಂದು ಚಮಚ ತುಪ್ಪ ಹಾಕಿಕೊಡಿ. ಅಮ್ಮ ಅದನ್ನೇ ಕುಡಿದು ಆ ವಾರಗಳನ್ನು ಕಳೆದರು.