ಬುದ್ಧನಿಗೆ ಹುಣಸೆಹಣ್ಣು ಬೇಡ

ಪ್ರಶ್ನೆ: ನಮ್ಮ ಮಾವನವರು ಬಹಳ ಹಿಂದೆ ಬ್ಯಾಂಕಾಕಿನಿಂದ ಒಂದು ಬುದ್ಧನ ವಿಗ್ರಹ ತಂದಿದ್ದರು. ಗೇಣಿಗಿಂತ ಸ್ವಲ್ಪ ಎತ್ತರ. ಬಲಗೈ ಮಂಡಿಯ ಮೇಲಿಂದ ನೆಲಕ್ಕೆ ಇಳಿಬಿಟ್ಟಿದೆ, ತಲೆಯ ಮೇಲೆ ದೀಪದ ಕುಡಿಯಂಥದ್ದಿದೆ. ಮೈಯೆಲ್ಲ ಕಪ್ಪು, ಅಲ್ಲಲ್ಲಿ ಚಿನ್ನದ ಚೂರು. ಕೆಲಸದಾಕೆ ಹುಣಸೆಹಣ್ಣು ಹಾಕಿ ಒಂದು ಮಂಡಿ ತಿಕ್ಕಿದ್ದಾಳೆ, ಅಷ್ಟು ಮಾತ್ರ ಫಳಫಳ. ಉಳಿದದ್ದನ್ನೂ ಬೆಳಗಬಹುದೇ? ಅಂಗಡಿಯವರೊಬ್ಬರು ನೋಡಿ, "ಥಾಯ್ಲೆಂಡಿನ ಹಳೆಯ ಸುಖೋಥಾಯ್ ರಾಜ್ಯದ ಕಾಲದ್ದು, 700 ವರ್ಷ ಹಳೆಯದು, ನಮಗೇ ಕೊಟ್ಟುಬಿಡಿ" ಎನ್ನುತ್ತಿದ್ದಾರೆ. ನಿಜವೇ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ತಾಯಿ, ಮೊದಲು ಆ ಹುಣಸೆಹಣ್ಣನ್ನು ಸಾರಿಗೆ ಹಾಕಿ. ಆ ಕಪ್ಪು ಕೊಳೆಯಲ್ಲ. ಮರದಿಂದ ಇಳಿಸಿದ ಅಂಟನ್ನು ಕಂಚಿನ ಮೇಲೆ ಬಳಿದು, ಅದರ ಮೇಲೆ ಚಿನ್ನದ ರೇಕು ಅಂಟಿಸುವುದು ಥಾಯ್ ಕಂಚುಗಾರರ ಪದ್ಧತಿ. ಚಿನ್ನ ಸವೆದ ಕಡೆ ಅಂಟು ಕಾಣುತ್ತದೆ, ಅದೂ ಹೋದ ಕಡೆ ಲೋಹ. ತಿಕ್ಕಿದರೆ ಚಿನ್ನವೂ ಅಂಟೂ ಒಟ್ಟಿಗೆ ಹೋಗುತ್ತವೆ. ನಾನೇ ಹುಡುಗನಾಗಿದ್ದಾಗ ಗಿರಾಕಿಯೊಬ್ಬರ ಹಳೇ ವಿಗ್ರಹವನ್ನು ಹೀಗೆ ಬೆಳಗಿ, ಮೆಚ್ಚುತ್ತಾರೆಂದು ಅಪ್ಪನ ಮುಂದೆ ಹಿಡಿದಿದ್ದೆ. ಮೂರು ದಿನ ಮಾತಾಡಿಸಲಿಲ್ಲ. ಮೆತ್ತನೆಯ ಒಣ ಬ್ರಷ್ಷಿನಲ್ಲಿ ಧೂಳು ತೆಗೆಯಿರಿ, ಸಾಕು. ಹಾಲಿನ ಅಭಿಷೇಕವೂ ಬೇಡ.

ಇನ್ನು ವಯಸ್ಸು. ಎಲ್ಲರೂ ಮುಖ ನೋಡುತ್ತಾರೆ, ನೀವು ಮಗುಚಿ ನೋಡಿ. ಮಡಿಸಿದ ಟವೆಲ್ ಮೇಲೆ ಮಲಗಿಸಿ, ಟಾರ್ಚ್ ಹಿಡಿದು ಪೀಠದೊಳಗೆ ಇಣುಕಿ. ಒಳಗೆ ಪೊಳ್ಳಾಗಿದ್ದು, ಸುಟ್ಟ ಇಟ್ಟಿಗೆ ಬಣ್ಣದ ಮಣ್ಣು ಕಚ್ಚಿಕೊಂಡಿದೆಯೇ? ಅಲ್ಲಲ್ಲಿ ತುಕ್ಕು ಹಿಡಿದ ಮೊಳೆಯ ತುದಿ ಇದೆಯೇ? ಇದ್ದರೆ ಅದು ಹಳೇ ಪದ್ಧತಿಯ ಮೇಣದ ಎರಕ. ಮೊದಲು ಮಣ್ಣಿನ ತಿರುಳು ಮಾಡಿ, ಅದರ ಮೇಲೆ ಜೇನುಮೇಣ ಹೊದಿಸಿ, ಮೇಣದಲ್ಲೇ ಕಣ್ಣು ಮೂಗು ತಿದ್ದುತ್ತಾರೆ. ತಲೆಯ ಗುಂಗುರುಗಳನ್ನು ಒಂದೊಂದಾಗಿ ಹೊಸೆದು ಅಂಟಿಸುತ್ತಾರೆ, ನಮ್ಮ ಮನೆಗಳಲ್ಲಿ ಶಾವಿಗೆ ಹೊಸೆದ ಹಾಗೆ. ಮೇಲೆ ಸೆಗಣಿ ಬೆರೆಸಿದ ನುಣುಪು ಮಣ್ಣು, ಆಮೇಲೆ ಒರಟು ಮಣ್ಣು. ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ. ಆಗ ಒಳಗಿನ ತಿರುಳು ಅಲ್ಲಾಡದಂತೆ ಹಿಡಿದುಕೊಳ್ಳುವುದು ಆ ಮೊಳೆಗಳೇ. ತಿರುಳು ಕೂದಲೆಳೆಯಷ್ಟು ಸರಿದರೂ ಬೆನ್ನು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ತಮಿಳುನಾಡಿನ ಸ್ವಾಮಿಮಲೆಯ ಉತ್ಸವಮೂರ್ತಿಗಳು ಗಟ್ಟಿ ಎರಕ, ಅಲ್ಲಿ ಈ ತಲೆನೋವಿಲ್ಲ. ವಿದ್ಯೆ ಮಾತ್ರ ನಮಗೂ ಹೊಸದಲ್ಲ. ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲೇ 'ಮಾನಸೋಲ್ಲಾಸ'ದಲ್ಲಿ ಮೇಣದ ಎರಕವನ್ನು ಬರೆದಿಟ್ಟಿದ್ದಾನೆ. ಮೇಣದ ತೂಕಕ್ಕೆ ಎಷ್ಟು ಪಟ್ಟು ಲೋಹ ಬೇಕೆಂಬ ಲೆಕ್ಕವೂ ಅದರಲ್ಲಿದೆ.

ಕಿವಿಯ ಹಿಂದಿನಿಂದ ಭುಜದವರೆಗೆ ಉದ್ದಕ್ಕೂ ಒಂದು ಗೆರೆ ಕಂಡರೆ ಅದು ಎರಡು ಹೋಳು ಅಚ್ಚಿನ ಮಾಲು, ಹಳೆಯದಲ್ಲ. ಹಸಿರು ಕಿಲುಬು ಒದ್ದೆ ಬಟ್ಟೆಗೆ ಸುಲಭವಾಗಿ ಹತ್ತಿಕೊಂಡರೂ ಅನುಮಾನಪಡಿ. ಆಮ್ಲ ಹಾಕಿ ಒಂದೇ ವಾರದಲ್ಲಿ ಕಿಲುಬು ಬರಿಸುವವರಿದ್ದಾರೆ.

ಅಂಗಡಿಯವರು ಸುಖೋಥಾಯ್ ಎಂದದ್ದು ಪೂರ್ತಿ ಸುಳ್ಳೂ ಅಲ್ಲ. ಜ್ವಾಲೆಯ ಶಿಖೆ, ಗಿಳಿ ಕೊಕ್ಕಿನಂಥ ಮೂಗು, ಮಾವಿನ ಓಟೆಯಂಥ ಗಲ್ಲ, ಆನೆ ಸೊಂಡಿಲಿನಂಥ ತೋಳು, ಇವು ಆ ಶೈಲಿಯ ಗುರುತುಗಳು. ಎಡಭುಜದಿಂದ ಹೊಕ್ಕುಳವರೆಗೆ ಇಳಿದ ಚೀವರದ, ಅಂದರೆ ಭಿಕ್ಷು ಹೊದೆಯುವ ಬಟ್ಟೆಯ, ತುದಿ ಕವಲೊಡೆದಿದೆಯೇ ನೋಡಿ, ಅದಕ್ಕೆ ಥಾಯ್ ಜನ ಶತಪದಿಯ ಕೋರೆಹಲ್ಲು ಎನ್ನುತ್ತಾರೆ. ಆದರೆ ಶೈಲಿ ಬೇರೆ, ಕಾಲ ಬೇರೆ. 1351ರಲ್ಲಿ ಸ್ಥಾಪನೆಯಾದ ರಾಜಧಾನಿ ಅಯುತ್ಥಯ 1767ರಲ್ಲಿ ಬರ್ಮಾ ಸೈನ್ಯಕ್ಕೆ ಬಿತ್ತು, 1782ರಲ್ಲಿ ಬ್ಯಾಂಕಾಕ್ ರಾಜಧಾನಿಯಾಯಿತು. ಇಷ್ಟೆಲ್ಲ ಆದರೂ ಸುಖೋಥಾಯ್ ಮುಖವನ್ನು ಎರಕ ಹೊಯ್ಯುವುದು ನಿಂತಿಲ್ಲ, ಇವತ್ತೂ ಹೊಯ್ಯುತ್ತಾರೆ. ನೀವು ಕಳಿಸಿದ ಫೋಟೊ ನೋಡಿ 700 ವರ್ಷ ಎನ್ನಲು ನನಗೆ ಧೈರ್ಯವಿಲ್ಲ, ಕೊಳ್ಳುವ ಆಸೆಯಿದ್ದವರಿಗೆ ಇರುತ್ತದೆ.

ಅವರನ್ನೇ ಒಂದು ಮಾತು ಕೇಳಿ: "ಸ್ವಾಮಿ, ನಿಮ್ಮ ಪರವಾನಗಿ ತೋರಿಸಿ." ನಮ್ಮ 1972ರ ಪ್ರಾಚ್ಯವಸ್ತು ಕಾಯ್ದೆಯಂತೆ 100 ವರ್ಷ ದಾಟಿದ ಲೋಹದ ವಿಗ್ರಹ ನೋಂದಣಿಯಾಗಬೇಕು, ಅದರ ವ್ಯಾಪಾರಿಗೆ ಪರವಾನಗಿ ಇರಬೇಕು. ಥಾಯ್ಲೆಂಡಿನಲ್ಲೂ 1961ರ ಕಾಯ್ದೆಯಂತೆ ಪುರಾತನ ವಸ್ತು ದೇಶ ದಾಟಲು ಅಲ್ಲಿನ ಲಲಿತಕಲಾ ಇಲಾಖೆಯ ಅನುಮತಿ ಬೇಕು. ಮಾವನವರ ಟ್ರಂಕಿನಲ್ಲಿ ರಸೀದಿ, ಪತ್ರ ಏನಾದರೂ ಇದೆಯೇ ಹುಡುಕಿ. ವಿಗ್ರಹದಷ್ಟೇ ಅದೂ ಮುಖ್ಯ.

ಅಂದಹಾಗೆ, ಅಲ್ಲಿ ಬುದ್ಧನನ್ನು 'ಕೊಂಡೆ' ಎನ್ನುವುದಿಲ್ಲ, 'ಬಾಡಿಗೆಗೆ ತಂದೆ' ಎನ್ನುತ್ತಾರೆ. ನಮ್ಮೂರಿನ ಹಾಗೆ ಹತ್ತು ತಿಂಗಳ ಅಡ್ವಾನ್ಸ್ ಇಲ್ಲ.

ಪ್ರಶ್ನೆ: ಥಾಯ್ಲೆಂಡಿನಲ್ಲಿ ಕೆಲವು ಬುದ್ಧರ ಕೈಯ ನಾಲ್ಕೂ ಬೆರಳು ಒಂದೇ ಉದ್ದ ಇರುವುದು ಕಂಡೆ. ಶಿಲ್ಪಿಯ ತಪ್ಪೇ?
– ಓದುಗರೊಬ್ಬರು, ವಿಜಯನಗರ

ಉತ್ತರ: ತಪ್ಪಲ್ಲ ಸ್ವಾಮಿ, ಬೇಕೆಂದೇ ಮಾಡಿದ್ದು. ಫಿತ್ಸನುಲೋಕ್ ಊರಿನ ಪ್ರಸಿದ್ಧ ಚಿನ್ನರಾತ್ ಬುದ್ಧನ ಬೆರಳುಗಳೂ ಹಾಗೇ ಇವೆ. ಅದರ ಪ್ರತಿಯೊಂದು ಬ್ಯಾಂಕಾಕಿನ ಬೆಂಚಮಬೊಫಿತ್ ವಿಹಾರದಲ್ಲಿದೆ. ಮತ್ತೆ ಹೋದರೆ ಮುಖಕ್ಕಿಂತ ಮೊದಲು ಮಂಡಿಯ ಮೇಲಿನ ಕೈ ನೋಡಿ.